ಸ್ಕ್ಯಾನರ್ ತೆಗೆಯಬೇಕೇ? ರೊಟ್ಟಿ ಅಂಗಡಿಯ ಯುಪಿಐ ಲೆಕ್ಕ ಮತ್ತು ತೆರಿಗೆ ನೋಟಿಸ್

ಪ್ರಶ್ನೆ: ನಾನು ಮತ್ತು ನನ್ನ ತಂಗಿ ವಿಜಯಪುರದಲ್ಲಿ ಒಂಬತ್ತು ವರ್ಷಗಳಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಚಟ್ನಿ ಪುಡಿಗಳು) ಮಾಡಿ ಮಾರುತ್ತೇವೆ. ಸೊಲ್ಲಾಪುರಕ್ಕೂ ಆಗಾಗ ಪಾರ್ಸಲ್ ಕಳಿಸುತ್ತೇವೆ. ಅಂಗಡಿಯ ಸ್ಕ್ಯಾನರ್ ತಂಗಿಯ ಉಳಿತಾಯ ಖಾತೆಗೆ ಜೋಡಿಸಿದೆ. ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದ ಮೇಲೆ ನಮ್ಮ ಓಣಿಯ ಇಬ್ಬರು ಸ್ಕ್ಯಾನರ್ ತೆಗೆದು ‘ನಗದು ಮಾತ್ರ’ ಎಂದು ಬರೆದಿದ್ದಾರೆ. ನಾವೂ ತೆಗೆಯಬೇಕೇ? ಫೋನ್‌ಪೇ, ಗೂಗಲ್ ಪೇಯಂಥ ಕಂಪನಿಗಳು ನಮ್ಮನ್ನು ಕೇಳದೆ ಸರ್ಕಾರಕ್ಕೆ ಲೆಕ್ಕ ಕೊಡಬಹುದೇ? ಮುಂದೆ ಯುಪಿಐಗೂ ಶುಲ್ಕ ಬರುತ್ತದೆ ಎನ್ನುವುದು ನಿಜವೇ?

ಉತ್ತರ: ಮೊದಲ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಸ್ಕ್ಯಾನರ್ ತೆಗೆಯಬೇಡಿ, ಆದರೆ ಅದನ್ನು ತಂಗಿಯವರ ಉಳಿತಾಯ ಖಾತೆಯಿಂದ ಬಿಡಿಸಿ, ವ್ಯಾಪಾರಕ್ಕೆಂದೇ ತೆರೆದ ಚಾಲ್ತಿ ಖಾತೆಗೆ ಜೋಡಿಸಿ. ಸ್ಕ್ಯಾನರ್ ಹಾಕಿಕೊಂಡ ಕಾರಣಕ್ಕೆ ಯಾರಿಗೂ ಜಿಎಸ್‌ಟಿ ಬೀಳುವುದಿಲ್ಲ. ಖಾತೆಗೆ ಬಂದ ಹಣ ಯಾವುದರದು ಎಂದು ಹೇಳಬಲ್ಲ ಇನ್ನೊಂದು ಲೆಕ್ಕ ವ್ಯಾಪಾರಿಯ ಕೈಯಲ್ಲಿ ಇರಲಿಲ್ಲ, ಅಂಥ ಲೆಕ್ಕವನ್ನು ಕೇಳಿ ತಿಳಿದುಕೊಳ್ಳುವ ಮೊದಲೇ ತೆರಿಗೆ ಇಲಾಖೆ ಮೊತ್ತ ಲೆಕ್ಕ ಹಾಕಿ ನೋಟಿಸ್ ಕಳಿಸಿತು. ಇಡೀ ಗೊಂದಲ ಹುಟ್ಟಿದ್ದು ಈ ಎರಡರ ನಡುವೆ.

ನಡೆದದ್ದೇನು ಎಂಬುದನ್ನು ನೆನಪಿಸಿಕೊಳ್ಳೋಣ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು, ಯುಪಿಐ ಸೇವಾ ಸಂಸ್ಥೆಗಳಿಂದ ಪಡೆದ 2021-22ರಿಂದ 2024-25ರವರೆಗಿನ ನಾಲ್ಕು ವರ್ಷಗಳ ಮಾಹಿತಿಯನ್ನು ಆಧಾರವಾಗಿಟ್ಟುಕೊಂಡು, ಜಿಎಸ್‌ಟಿ ನೋಂದಣಿ ಇಲ್ಲದೆಯೂ ಅದರ ವಾರ್ಷಿಕ ವಹಿವಾಟಿನ ಮಿತಿ ಮೀರಿ ಹಣ ಸ್ವೀಕರಿಸಿದ್ದಾರೆ ಎಂದು ಕಂಡ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ನೀಡಿತು. ಅವರಲ್ಲಿ ಬೇಕರಿಯವರು, ಚಹಾ ಅಂಗಡಿಯವರು, ಹಾಲು ತರಕಾರಿ ಮಾರುವವರು ಇದ್ದರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ ಸುಮಾರು 29 ಲಕ್ಷ ರೂಪಾಯಿ ತೆರಿಗೆ ಕಟ್ಟುವಂತೆ ನೋಟಿಸ್ ಬಂದದ್ದು ಎಲ್ಲ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್‌ಗೆ ಕರೆ ಕೊಟ್ಟರು. ಅದಕ್ಕೆ ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ಇನ್ನು ಮುಂದೆ ನೋಂದಣಿ ಮಾಡಿಸಬೇಕು ಎಂಬ ಭರವಸೆ ಕೊಟ್ಟ ಮೇಲೆ ಬಂದ್ ಕೈಬಿಡಲಾಯಿತು. ಆ ಭರವಸೆಯಿಂದ ಸಾವಿರಾರು ಮನೆಗಳು ನಿಟ್ಟುಸಿರು ಬಿಟ್ಟವು, ಅದು ಸರಿಯಾದದ್ದೇ. ಆದರೂ ಸಭೆಯ ಭರವಸೆ ಬೇರೆ, ಕಾಯ್ದೆಯ ಕಲಂ ಬೇರೆ. ಕಾಯ್ದೆಯ ಮಿತಿಗಳು ಇದ್ದಲ್ಲೇ ಇವೆ, ಆದ್ದರಿಂದ ನೀವು ನಿಮ್ಮ ಲೆಕ್ಕವನ್ನು ಆ ಮಿತಿಗಳ ಮೇಲೆಯೇ ಹಾಕಿಕೊಳ್ಳಬೇಕು.

ಯುಪಿಐ ದಾಖಲೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದು ಈ ಪ್ರಕರಣದ ತಿರುಳು. ಗಿರಾಕಿ ನಿಮ್ಮ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದಾಗ, ಆ ಆದೇಶ ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಜಾಲದ ಮೂಲಕ ಹಾದು, ಅವರ ಬ್ಯಾಂಕಿನಲ್ಲಿ ಖರ್ಚು ಬಿದ್ದು, ನಿಮ್ಮ ಬ್ಯಾಂಕಿನಲ್ಲಿ ಜಮೆಯಾಗುತ್ತದೆ. ಉಳಿಯುವ ಗುರುತು ಎಂದರೆ ದಿನಾಂಕ, ಸಮಯ, ಮೊತ್ತ, ಕೊಟ್ಟವರ ಮತ್ತು ಪಡೆದವರ ಯುಪಿಐ ವಿಳಾಸ, ಹನ್ನೆರಡು ಅಂಕಿಗಳ ಒಂದು ಉಲ್ಲೇಖ ಸಂಖ್ಯೆ. ರೊಟ್ಟಿಯೋ ಹಿಂಡಿಯೋ, ಮಾರಾಟವೋ ಕೈಗಡವೋ ಎಂಬುದು ಅದರಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ನಾನು ಬೆಳಗಾವಿಯಲ್ಲಿ ಸಣ್ಣ ವ್ಯಾಪಾರಿಗಳ ತೆರಿಗೆ ಲೆಕ್ಕ ನೋಡುವವನು. ಆ ಜುಲೈ ತಿಂಗಳಲ್ಲಿ ಖಡೇ ಬಜಾರದ ಹತ್ತಿರ ಬಳೆ ಮತ್ತು ಅಲಂಕಾರ ಸಾಮಾನು ಮಾರುವ ಒಬ್ಬರು ಬ್ಯಾಂಕಿನಿಂದ ಮುದ್ರಿಸಿ ತಂದ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟರು. ಒಂದೇ ದಿನದ ಪುಟದಲ್ಲಿ 40, 120, 60, 1,500, 20, 25,000, 85, 8,000 ಎಂದು ಜಮೆಗಳು ಸಾಲಾಗಿದ್ದವು. 25,000 ರೂಪಾಯಿ ಅವರ ಪಾಳಿಗೆ ಬಂದ ಭಿಸಿಯ, ಅಂದರೆ ಪರಿಚಯದವರು ಹಣ ಕೂಡಿಸಿ ಸರದಿಯಂತೆ ಪಡೆಯುವ ಚೀಟಿಯ ಹಣ. 8,000 ಪುಣೆಯಲ್ಲಿರುವ ಮಗ ಮನೆಖರ್ಚಿಗೆ ಹಾಕಿದ್ದು. 1,500 ಯಾವುದು ಎಂದು ಅವರಿಗೇ ಬಹಳ ಹೊತ್ತು ನೆನಪಾಗಲಿಲ್ಲ. ಕೊನೆಗೆ, ಪಕ್ಕದ ಅಂಗಡಿಯವರಿಗೆ ತುರ್ತಾಗಿ ನಗದು ಬೇಕಾಗಿ ಇವರ ಕೋಡಿಗೆ ಹಣ ಹಾಕಿ ಗಲ್ಲೆಯಿಂದ ನೋಟು ಒಯ್ದಿದ್ದರು ಎಂದು ಹೊಳೆಯಿತು. ನಾವಿಬ್ಬರೂ ಎರಡು ಸಂಜೆ ಕುಳಿತು ಮೂರು ಬಣ್ಣದ ಪೆನ್ನುಗಳಿಂದ ಗುರುತು ಹಾಕಿದೆವು: ಮಾರಾಟಕ್ಕೆ ನೀಲಿ, ಮನೆಯವರ ಹಣಕ್ಕೆ ಹಸಿರು, ಕೈಗಡ ಮತ್ತು ಭಿಸಿಗೆ ಕೆಂಪು. ವರ್ಷದ ಒಟ್ಟು ಜಮೆಯ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ವ್ಯಾಪಾರದ್ದೇ ಆಗಿರಲಿಲ್ಲ. ಉಳಿದದ್ದರಲ್ಲಿಯೂ ಗಾಜಿನ ಬಳೆ, ಕುಂಕುಮ, ಟಿಕಳಿಗೆ ತೆರಿಗೆ ಇಲ್ಲ. ಯಂತ್ರವು ಇವನ್ನೆಲ್ಲ ಒಂದೇ ಮೊತ್ತವಾಗಿ ಕೂಡಿಸಿತ್ತು. ಆ ಮೊತ್ತ ಗಣಿತದ ದೃಷ್ಟಿಯಿಂದ ಸರಿಯೇ ಇತ್ತು, ಅದು ವಹಿವಾಟು ಎಂಬ ತೀರ್ಮಾನ ಮಾತ್ರ ತಪ್ಪಾಗಿತ್ತು.

ಇನ್ನು ನಿಮ್ಮ ಅಂಗಡಿಯ ವಿಷಯ. ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ. ದಿನದ ಲೆಕ್ಕಕ್ಕೆ ಇಳಿಸಿದರೆ, ಒಂದು ದಿನವೂ ಬಾಗಿಲು ಹಾಕದ ಅಂಗಡಿಯಲ್ಲಿ ಇವು ಕ್ರಮವಾಗಿ ಸುಮಾರು 11,000 ಮತ್ತು 5,500 ರೂಪಾಯಿ. ನಿಮ್ಮಂಥವರು ಎಡವುವುದು ಇಲ್ಲಿಯೇ. ರೊಟ್ಟಿ, ಹಿಂಡಿಗಳನ್ನು ಕಟ್ಟಿ ಕೊಟ್ಟರೆ ಅದು ಸರಕಿನ ಮಾರಾಟ. ಮುಂದೆ ಎರಡು ಬೆಂಚು ಹಾಕಿ, ರೊಟ್ಟಿಯ ಜೊತೆ ಎಣಗಾಯಿ ಪಲ್ಯ, ಮೊಸರು ಬಡಿಸಿ ಊಟಕ್ಕೆ ಹಣ ತೆಗೆದುಕೊಂಡರೆ ಅದು ಖಾನಾವಳಿ, ಕಾಯ್ದೆಯ ಪ್ರಕಾರ ಸೇವೆ. ಸರಕಿನ ಜೊತೆ ಆ ಸೇವೆಯೂ ಸೇರಿಕೊಂಡ ದಿನದಿಂದ ನೀವು ‘ಸರಕು ಮಾತ್ರ’ ಮಾರುವವರಾಗಿ ಉಳಿಯುವುದಿಲ್ಲ, ಆದ್ದರಿಂದ 40 ಲಕ್ಷದ ಮಿತಿಯ ಬದಲು 20 ಲಕ್ಷದ ಮಿತಿ ಅನ್ವಯವಾಗುತ್ತದೆ. ಬೆಂಚು ಹಾಕುವ ಯೋಚನೆ ಇದ್ದರೆ ಈ ಲೆಕ್ಕವನ್ನು ಮೊದಲು ಮಾಡಿಕೊಳ್ಳಿ.

ದರಗಳಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಚಪಾತಿ, ರೊಟ್ಟಿಗಳ ಮೇಲಿದ್ದ ಶೇ 5ರ ತೆರಿಗೆಯನ್ನು ಪೂರ್ತಿಯಾಗಿ ತೆಗೆಯಲಾಗಿದೆ. ಹಿಂಡಿ, ಅಂದರೆ ಕಾಯ್ದೆಯ ಮಾತಿನಲ್ಲಿ ಚಟ್ನಿ ಪುಡಿ, ಶೇ 5ರ ಪಟ್ಟಿಯಲ್ಲಿದೆ. ಹಾಗೆಂದು ರೊಟ್ಟಿಯ ಮಾರಾಟವನ್ನು ಮಿತಿಯ ಲೆಕ್ಕದಿಂದ ಬಿಡುವಂತಿಲ್ಲ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ಎಷ್ಟೇ ವಹಿವಾಟಿದ್ದರೂ ನೋಂದಣಿ ಬೇಕಿಲ್ಲ. ಆದರೆ ತೆರಿಗೆ ಇರುವ ಹಿಂಡಿಯೂ ಜೊತೆಗಿರುವುದರಿಂದ ನಿಮ್ಮ ಮಿತಿಗೆ ಎರಡರ ಮಾರಾಟವೂ ಸೇರುತ್ತದೆ.

ಒಂದು ವೇಳೆ ಮಿತಿ ದಾಟಿದರೆ, ‘ಕಾಂಪೊಸಿಷನ್ ಯೋಜನೆಗೆ ಸೇರಿ, ಶೇ 1 ಕಟ್ಟಿ ನಿಶ್ಚಿಂತೆಯಿಂದಿರಿ’ ಎಂದು ಎಲ್ಲರೂ ಹೇಳುತ್ತಾರೆ. ಸರಕು ಸರಕಿನ ದರದಂತೆ ಲೆಕ್ಕ ಹಾಕುವ ಬದಲು ವಹಿವಾಟಿನ ಮೇಲೆ ಒಂದು ನಿಗದಿತ ಪಾಲು ಕಟ್ಟುವ ಆ ಯೋಜನೆ ಒಂದೂವರೆ ಕೋಟಿ ರೂಪಾಯಿವರೆಗಿನ ವಹಿವಾಟಿಗೆ ಇದೆ, ಕೊಂಡು ಮಾರುವ ಕಿರಾಣಿ ಅಂಗಡಿಯವರಿಗೆ ಅದು ಅನುಕೂಲವೂ ಹೌದು, ಏಕೆಂದರೆ ಅವರು ತೆರಿಗೆ ಇರುವ ಸರಕಿನ ಮಾರಾಟದ ಮೇಲೆ ಮಾತ್ರ ಶೇ 1 ಕಟ್ಟುತ್ತಾರೆ. ನೀವು ತಯಾರಕರು. ತಯಾರಕರಿಗೆ ಶೇ 1 ಎಂಬುದು ತೆರಿಗೆ ಇಲ್ಲದ ಸರಕನ್ನೂ ಒಳಗೊಂಡ ಒಟ್ಟು ವಹಿವಾಟಿನ ಮೇಲೆ. ವರ್ಷಕ್ಕೆ 45 ಲಕ್ಷದ ರೊಟ್ಟಿ, 5 ಲಕ್ಷದ ಹಿಂಡಿ ಮಾರುವ ಅಂಗಡಿ ಎಂದು ಇಟ್ಟುಕೊಳ್ಳಿ. ಕಾಂಪೊಸಿಷನ್‌ನಲ್ಲಿ ಕಟ್ಟಬೇಕಾದದ್ದು 50 ಲಕ್ಷದ ಮೇಲೆ 50,000 ರೂಪಾಯಿ. ಅದನ್ನು ಗಿರಾಕಿಯಿಂದ ತೆರಿಗೆಯೆಂದು ವಸೂಲಿ ಮಾಡುವಂತೆಯೂ ಇಲ್ಲ. ಸಾಮಾನ್ಯ ನೋಂದಣಿಯಲ್ಲಿ ರೊಟ್ಟಿಗೆ ಸೊನ್ನೆ, ಹಿಂಡಿಗೆ ಶೇ 5ರಂತೆ 25,000 ರೂಪಾಯಿ. ಅದರಲ್ಲೂ ಹಿಂಡಿಗಾಗಿ ಕೊಂಡ ಸಾಮಗ್ರಿಗೆ ಕಟ್ಟಿದ ತೆರಿಗೆಯನ್ನು ಕಳೆಯಬಹುದು. ಹಿಂಡಿಯ ಮಾರಾಟ 10 ಲಕ್ಷಕ್ಕೆ ಏರಿ ರೊಟ್ಟಿ 40 ಲಕ್ಷಕ್ಕೆ ಇಳಿದರೆ ಎರಡೂ ದಾರಿಗಳಲ್ಲಿ ಮೊತ್ತ ಒಂದೇ ಆಗುತ್ತದೆ. ಸಾಮಾನ್ಯ ನೋಂದಣಿಯಲ್ಲಿ ಬಿಲ್ಲು, ರಿಟರ್ನ್‌ಗಳ ಕೆಲಸ ಹೆಚ್ಚು ಎಂಬುದು ನಿಜ, ಆದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸೌಲಭ್ಯ ಸಣ್ಣವರಿಗೆ ಇದೆ. 2025ರ ನವೆಂಬರ್ 1ರಿಂದ, ತಿಂಗಳ ತೆರಿಗೆ ಎರಡೂವರೆ ಲಕ್ಷ ರೂಪಾಯಿ ಮೀರದವರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಸಿಗುವ ಸರಳ ವ್ಯವಸ್ಥೆಯೂ ಬಂದಿದೆ. ನೋಂದಣಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಸೊಲ್ಲಾಪುರದ ಪಾರ್ಸಲ್ ಬಗ್ಗೆ ನೀವು ಒಂದೇ ಸಾಲಿನಲ್ಲಿ ಹೇಳಿದ್ದೀರಿ, ನನಗೆ ಹೆಚ್ಚು ಚಿಂತೆಯಾದದ್ದು ಅದೇ ಸಾಲು. ಸೊಲ್ಲಾಪುರದವರು ವಿಜಯಪುರಕ್ಕೆ ಬಂದಾಗ ನಿಮ್ಮ ಅಂಗಡಿಯಲ್ಲಿ ಕೊಂಡು ಕೈಯಲ್ಲಿ ಒಯ್ದರೆ ಅದು ಸಾಮಾನ್ಯವಾಗಿ ರಾಜ್ಯದೊಳಗಿನ ಮಾರಾಟವೇ. ನೀವೇ ಹಿಂಡಿಯ ಡಬ್ಬಿಗಳನ್ನು ಕಟ್ಟಿ ಬಸ್ಸಿಗೋ ಕೊರಿಯರಿಗೋ ಹಾಕಿ ಮಹಾರಾಷ್ಟ್ರಕ್ಕೆ ಕಳಿಸಿದರೆ ಅದು ಅಂತರರಾಜ್ಯ ಮಾರಾಟ, ತೆರಿಗೆ ಇರುವ ಸರಕಿನ ಅಂತರರಾಜ್ಯ ಮಾರಾಟಕ್ಕೆ 40 ಲಕ್ಷದ ಮಿತಿ ಅನ್ವಯಿಸದೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕಾಗುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಂತೂ ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ನಮ್ಮ ಗಡಿ ಜಿಲ್ಲೆಗಳ ಜನರಿಗೆ ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರಗಳು ಸಂಬಂಧಿಕರ ಊರುಗಳು. ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ದಿನವೂ ಗಡಿ ದಾಟುತ್ತವೆ. ಗಡಿಭಾಗದ ಸಣ್ಣ ವ್ಯಾಪಾರಿಗೆ ಈ ನಿಯಮ ಬೆಂಗಳೂರಿನ ವ್ಯಾಪಾರಿಗಿಂತ ಎಷ್ಟೋ ಪಟ್ಟು ಬಿಗಿಯಾಗಿ ತಾಕುತ್ತದೆ, ಇದನ್ನು ಜಿಎಸ್‌ಟಿ ಮಂಡಳಿಯ ಮುಂದೆ ರಾಜ್ಯ ಸರ್ಕಾರ ಎತ್ತಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ, ನೋಂದಣಿ ಆಗುವ ತನಕ ಹಿಂಡಿಯ ಪಾರ್ಸಲ್ ನಿಲ್ಲಿಸಿ. ತೆರಿಗೆ ಇಲ್ಲದ ರೊಟ್ಟಿಗೆ ಈ ತೊಡಕು ಇಲ್ಲ.

ಸ್ಕ್ಯಾನರ್ ತೆಗೆದವರು ಏನು ಗಳಿಸಿದರು ಎಂಬುದನ್ನೂ ನೋಡಬೇಕು. ತೆರಿಗೆ ಬೀಳುವುದು ಮಾರಾಟದ ಮೇಲೆ, ಹಣ ಯುಪಿಐಯಲ್ಲಿ ಬಂದರೂ ನೋಟಿನಲ್ಲಿ ಬಂದರೂ ಒಂದೇ. ನಗದನ್ನು ಕೊನೆಗೆ ಬ್ಯಾಂಕಿಗೇ ಕಟ್ಟಬೇಕು. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ, ಚಾಲ್ತಿ ಖಾತೆಗೆ 50 ಲಕ್ಷ ರೂಪಾಯಿ ನಗದು ಜಮೆಯಾದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಲೇಬೇಕು. ಅದರ ಜೊತೆಗೆ, ಆದಾಯ ತೆರಿಗೆಯ ಅಂದಾಜು ಲಾಭದ ಪದ್ಧತಿಯಲ್ಲಿ ನಗದು ವಹಿವಾಟಿನ ಶೇ 8ರಷ್ಟನ್ನು ಲಾಭವೆಂದು ಎಣಿಸಿದರೆ, ಬ್ಯಾಂಕಿನ ಮೂಲಕ ಬಂದ ವಹಿವಾಟಿಗೆ ಶೇ 6 ಮಾತ್ರ. 30 ಲಕ್ಷದ ವ್ಯಾಪಾರಕ್ಕೆ ಅದು 2.4 ಲಕ್ಷಕ್ಕೂ 1.8 ಲಕ್ಷಕ್ಕೂ ಇರುವ ಅಂತರ. ಸ್ಕ್ಯಾನರ್ ತೆಗೆದವರು ತಮಗೆ ಅನುಕೂಲವಾಗಿದ್ದ ದರವನ್ನೇ ಬಿಟ್ಟುಕೊಟ್ಟಂತಾಯಿತು.

ಎರಡನೆಯ ಪ್ರಶ್ನೆ ನಿಮ್ಮ ಅನುಮತಿಯದು. ಕಾನೂನಿನ ಉತ್ತರ ಸ್ಪಷ್ಟವಾಗಿದೆ: ಕೊಡಬಹುದು. ಜಿಎಸ್‌ಟಿ ಕಾಯ್ದೆಯ 151ನೇ ಕಲಂ, ಕಾಯ್ದೆಗೆ ಸಂಬಂಧಪಟ್ಟ ಮಾಹಿತಿಯನ್ನು ಯಾರಿಂದ ಬೇಕಾದರೂ ಕೇಳುವ ಅಧಿಕಾರವನ್ನು ಆಯುಕ್ತರಿಗೆ ಕೊಡುತ್ತದೆ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಕಾನೂನಿನ ಉಲ್ಲಂಘನೆಯನ್ನು ಪತ್ತೆ ಮಾಡಲು ಬಳಸುವ ಮಾಹಿತಿಗೆ ನಮ್ಮ ಒಪ್ಪಿಗೆ ಬೇಕಿಲ್ಲ ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಕಂಪನಿಗಳ ಮೇಲಿನ ಮುಖ್ಯ ಹೊಣೆಗಾರಿಕೆಗಳು ಹದಿನೆಂಟು ತಿಂಗಳ ನಂತರ ಜಾರಿಯಾಗುತ್ತವೆ. ಆದರೆ ಅದೇ ಜಿಎಸ್‌ಟಿ ಕಾಯ್ದೆಯ 152ನೇ ಕಲಂನಲ್ಲಿ ವ್ಯಾಪಾರಿಯ ಪರವಾದ ಒಂದು ಮಾತೂ ಇದೆ: ಹೀಗೆ ಪಡೆದ ಮಾಹಿತಿಯನ್ನು, ಸಂಬಂಧಪಟ್ಟವರಿಗೆ ತಮ್ಮ ಅಹವಾಲು ಹೇಳಿಕೊಳ್ಳುವ ಅವಕಾಶ ಕೊಡದೆ, ಯಾವ ಕ್ರಮಕ್ಕೂ ಬಳಸುವಂತಿಲ್ಲ. ನೋಟಿಸ್ ಬಂದಾಗ ಅದಕ್ಕೆ ಉತ್ತರಿಸುವುದು ನಿಮ್ಮ ಹಕ್ಕು.

ಅಧಿಕಾರ ಇದೆ ಎಂದ ಮಾತ್ರಕ್ಕೆ ಅದನ್ನು ಬಳಸಿದ ರೀತಿ ಸರಿಯಾಗಿತ್ತು ಎಂದು ನಾನು ಒಪ್ಪಲಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ. ಆ ಹಕ್ಕಿನೊಳಗೆ ಸರ್ಕಾರ ಕೈ ಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಕೈ ಹಾಕಬೇಕು ಎಂದು ಆ ತೀರ್ಪು ಹೇಳುತ್ತದೆ. ಮಿತಿ ದಾಟಿದವರು ಯಾರು ಎಂದು ತಿಳಿಯಲು ವರ್ಷದ ಒಟ್ಟು ಮೊತ್ತ ಸಾಕು. ನಿಮ್ಮ ಅಂಗಡಿಗೆ ಯಾವ ಮನೆಯವರು ಯಾವ ದಿನ ಬಂದರು ಎಂಬ ಸಾಲುಸಾಲು ವಿವರ ಬೇಕಿಲ್ಲ. ಆ ಒಟ್ಟು ಮೊತ್ತ ಸಿಕ್ಕ ಮೇಲೂ, ‘ನೀವು ಮಾರುವ ಸರಕು ಯಾವುದು, ಈ ಹಣದಲ್ಲಿ ವ್ಯಾಪಾರದ್ದೆಷ್ಟು’ ಎಂದು ಕೇಳುವ ಒಂದು ಪುಟದ ಪತ್ರ ಮೊದಲು ಹೋಗಬೇಕಿತ್ತು. 2016ರಲ್ಲಿ ಯುಪಿಐ ಬಂದಾಗಿನಿಂದ ಸರ್ಕಾರಗಳು, ಬ್ಯಾಂಕುಗಳು ಬಾಗಿಲಿಗೆ ಬಂದು ಹಾಕಿಸಿಕೊಳ್ಳಿ ಎಂದು ಹೇಳಿದ ಸ್ಕ್ಯಾನರ್ ಇದು. ಲೆಕ್ಕಪರಿಶೋಧಕರನ್ನು ಇಟ್ಟುಕೊಳ್ಳಲಾಗದವರು ಅದನ್ನು ನಂಬಿ ಹಾಕಿಸಿಕೊಂಡರು. ಆ ನಂಬಿಕೆಗೆ ಮೊದಲ ಉತ್ತರವಾಗಿ ಲಕ್ಷಗಳ ಮೊತ್ತ ಬರೆದ ಕಾಗದ ಬರಬಾರದಿತ್ತು.

ಶುಲ್ಕದ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಶುಲ್ಕ ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ 2025ರ ಜೂನ್‌ನಲ್ಲಿ ಹಣಕಾಸು ಸಚಿವಾಲಯ ಅದು ಸುಳ್ಳು ಎಂದಿತು. 2,000 ರೂಪಾಯಿ ಮೀರಿದ ಯುಪಿಐ ಪಾವತಿಗೆ ಜಿಎಸ್‌ಟಿ ಬರುತ್ತದೆ ಎಂಬ ಇನ್ನೊಂದು ವದಂತಿಯನ್ನು ಏಪ್ರಿಲ್‌ನಲ್ಲಿಯೇ ಅಲ್ಲಗಳೆದಿತ್ತು. ಆದರೆ ಜಾಲ ನಡೆಸಲು ಖರ್ಚಿದೆ, ಅದನ್ನು ಯಾರಾದರೂ ಹೊರಲೇಬೇಕು ಎಂದು ರಿಸರ್ವ್ ಬ್ಯಾಂಕಿನ ಗವರ್ನರ್ ಸಂಜಯ್ ಮಲ್ಹೋತ್ರಾ ಅದೇ ವರ್ಷ ಹೇಳಿದ್ದಾರೆ. 2024-25ಕ್ಕೆ ಆ ಭಾರದ ಒಂದು ಭಾಗವಾಗಿ ಕೇಂದ್ರ ಸರ್ಕಾರ 1,500 ಕೋಟಿ ರೂಪಾಯಿಯ ಯೋಜನೆ ಮಾಡಿ, ಸಣ್ಣ ವ್ಯಾಪಾರಿಗಳಿಗೆ ಬರುವ 2,000 ರೂಪಾಯಿವರೆಗಿನ ಪಾವತಿಗೆ ಶೇ 0.15ರಂತೆ ಕೊಟ್ಟಿತು. ನಿಮ್ಮಲ್ಲಿ ಒಬ್ಬರು 200 ರೂಪಾಯಿಯ ರೊಟ್ಟಿ ಕೊಂಡರೆ 30 ಪೈಸೆ. ಅದೂ ಬ್ಯಾಂಕುಗಳು ಮತ್ತು ಆ್ಯಪ್ ಕಂಪನಿಗಳ ನಡುವೆ ಹಂಚಿಕೆಯಾಗುವಂಥದ್ದು. ಪಾವತಿ ಕಂಪನಿಗಳ ಒಕ್ಕೂಟ ಶುಲ್ಕ ಕೇಳಿರುವುದು ದೊಡ್ಡ ವ್ಯಾಪಾರಿಗಳ ಮೇಲೆ, ಆದ್ದರಿಂದ ಮುಂದೊಂದು ದಿನ ಬಂದರೂ ಅದು ಮೊದಲು ನಿಮ್ಮ ಬಾಗಿಲಿಗೆ ಬರುವ ಸಾಧ್ಯತೆ ಕಡಿಮೆ ಎಂದು ನನ್ನ ಎಣಿಕೆ. ಹಣ ಬಂತೆಂದು ಕೂಗುವ ಸೌಂಡ್‌ಬಾಕ್ಸ್‌ಗೆ ತಿಂಗಳಿಗೊಮ್ಮೆ ಕಡಿತವಾಗುತ್ತಿದ್ದರೆ ಅದು ಆ ಪೆಟ್ಟಿಗೆಯ ಬಾಡಿಗೆ, ಯುಪಿಐ ಶುಲ್ಕವಲ್ಲ.

ಇದಕ್ಕಿಂತ ದೊಡ್ಡ ಅಪಾಯ ಒಂದೇ ಕಂಪನಿಯ ಮೇಲೆ ಪೂರ್ತಿ ಅವಲಂಬಿಸುವುದರಲ್ಲಿದೆ. ದೇಶದ ಯುಪಿಐ ಪಾವತಿಗಳಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಎರಡೇ ಆ್ಯಪ್‌ಗಳ ಮೂಲಕ ಹೋಗುತ್ತವೆ. ಯಾವ ಆ್ಯಪ್ ಕೂಡ ಶೇ 30 ಮೀರಬಾರದು ಎಂದು ಪಾವತಿ ನಿಗಮ 2020ರಲ್ಲಿ ಮಾಡಿದ ನಿಯಮದ ಗಡುವನ್ನು ಮುಂದೂಡುತ್ತ 2026ರ ಡಿಸೆಂಬರ್ 31ಕ್ಕೆ ತಂದಿದ್ದಾರೆ. 2024ರ ಆರಂಭದಲ್ಲಿ ರಿಸರ್ವ್ ಬ್ಯಾಂಕ್ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಆ ಬ್ಯಾಂಕಿನಲ್ಲಿಯೇ ಖಾತೆ ಇದ್ದ ವ್ಯಾಪಾರಿಗಳು ಮಾರ್ಚ್ 15ರೊಳಗೆ ತಮ್ಮ ಕೋಡನ್ನು ಬೇರೆ ಬ್ಯಾಂಕಿನ ಖಾತೆಗೆ ಜೋಡಿಸಿಕೊಳ್ಳಬೇಕಾಯಿತು. ನಿಮ್ಮ ಬ್ಯಾಂಕೇ ಕೊಡುವ ಎರಡನೆಯ ಕೋಡ್ ಒಂದನ್ನು ಗಲ್ಲೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಿ.

ಚಾಲ್ತಿ ಖಾತೆ ತೆರೆಯುವಾಗ ಅದು ಯಾರ ಹೆಸರಿನಲ್ಲಿ, ಯಾರ ಪ್ಯಾನ್ ಸಂಖ್ಯೆಯಲ್ಲಿ ಇರಬೇಕು ಎಂಬುದನ್ನು ಇಬ್ಬರೂ ಕುಳಿತು ತೀರ್ಮಾನಿಸಿ. ಈಗ ಅಂಗಡಿಯ ಪೂರ್ತಿ ಹಣ ತಂಗಿಯವರ ಪ್ಯಾನ್ ಸಂಖ್ಯೆಗೆ ಸೇರುತ್ತಿದೆ. ಅಂಗಡಿಯ ಪರವಾನಗಿ ನಿಮ್ಮ ಹೆಸರಿನಲ್ಲಿದ್ದರೂ, ನೋಟಿಸ್ ಬರುವುದು ಅವರಿಗೆ. ಬಂದರೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತದೆ, ಮಧ್ಯವರ್ತಿಗಳಿಗೆ ಹಣ ಕೊಡದೆ, ಕಾಗದದ ಮೇಲಿನ ಉಲ್ಲೇಖ ಸಂಖ್ಯೆ ಹಿಡಿದು ವಾಣಿಜ್ಯ ತೆರಿಗೆ ಕಚೇರಿಗೆ ನೇರವಾಗಿ ಹೋಗಿ, ಅದರಲ್ಲಿ ಬರೆದ ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಆ ಉತ್ತರಕ್ಕೆ ಬೇಕಾಗುವುದು ಒಂದು ಕಿರ್ದಿ ಪುಸ್ತಕ. ಇಂದಿನಿಂದಲೇ ಉದ್ದನೆಯ ಒಂದು ನೋಟ್‌ಬುಕ್ಕಿನಲ್ಲಿ ಐದು ಮನೆ ಗೆರೆ ಹಾಕಿ: ದಿನಾಂಕ, ರೊಟ್ಟಿ, ಹಿಂಡಿ, ನಗದು ಎಷ್ಟು, ಸ್ಕ್ಯಾನರ್ ಎಷ್ಟು. ಉದ್ರಿ ಕೊಟ್ಟದ್ದನ್ನು ಕೊಟ್ಟ ದಿನವೇ ಮಾರಾಟದ ಮನೆಯಲ್ಲಿ ಬರೆಯಿರಿ, ಹಣ ಬಂದ ದಿನ ಮತ್ತೆ ಬರೆಯಬೇಡಿ. ಭಿಸಿ, ಕೈಗಡ, ಮನೆಯವರ ಹಣ ಹೊಸ ಖಾತೆಗೆ ಬಾರದಂತೆ ನೋಡಿಕೊಳ್ಳಿ. ತಪ್ಪಿ ಬಂದರೆ ಆ ದಿನದ ಅಂಚಿನಲ್ಲಿ ಯಾರಿಂದ, ಏಕೆ ಎಂದು ಎರಡು ಮಾತು ಗುರುತು ಹಾಕಿ. ಹಳೆಯ ನಾಲ್ಕು ವರ್ಷಗಳಿಗೂ ಬ್ಯಾಂಕಿನಿಂದ ಹೇಳಿಕೆ ಮುದ್ರಿಸಿಕೊಂಡು, ನೆನಪು ಮಾಸುವ ಮೊದಲು ಇಬ್ಬರೂ ಕುಳಿತು ಬಣ್ಣದ ಪೆನ್ನಿನಿಂದ ಗುರುತು ಹಾಕಿ ಮುಗಿಸಿ. ನೋಂದಣಿ ಮಾಡಿಸಿದವರು ಲೆಕ್ಕದ ಪುಸ್ತಕಗಳನ್ನು, ಆ ವರ್ಷದ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕು ಎಂದು ಕಾಯ್ದೆ ಹೇಳುತ್ತದೆ. ನೋಂದಣಿ ಆಗುವ ಮೊದಲಿನ ಪುಸ್ತಕಗಳನ್ನೂ ನೀವು ಅಷ್ಟೇ ಕಾಲ ಜೋಪಾನವಾಗಿ ಇಟ್ಟುಕೊಳ್ಳಿ.